ನಾನು ಕುಡಿದ ಕಾಗದಕ್ಕೆ ಉತ್ತರ

ಕಲ್ಯಾಣದುರ್ಗ

ಇಂಗ್ಲಿಷ್ ಯಾಕೆ ಕಲಿತೆ ಎಂದು ನನ್ನನ್ನು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು ಆಡಿಕೊಂಡು ಬೆಳೆದ ಕಲ್ಯಾಣದುರ್ಗದ ಕಡಲೆಕಾಯಿ ವ್ಯಾಪಾರಿಯ ಮಗನಿಗೆ ಸಾವಿರಾರು ಮೈಲಿ ಆಚೆಯ ದೊರೆಗಳ ಭಾಷೆ ಯಾತಕ್ಕೆ ಎಂದು ಯಾರಿಗೂ ಅನ್ನಿಸಲಿಲ್ಲ. ಅರಬ್ಬೀ ಎಂದ ಕೂಡಲೇ ಮಾತ್ರ ಎಲ್ಲರಿಗೂ ಕುತೂಹಲ ಹುಟ್ಟುತ್ತದೆ. ಮದರಾಸಿನ ಕಾಲೇಜಿನಲ್ಲಿ ನಾನು ಅರಬ್ಬೀ ತೆಗೆದುಕೊಂಡ ಸುದ್ದಿ ಊರಿಗೆ ಬಂದ ಮೇಲೆ, ರಜೆಗೆ ಹೋದಾಗಲೆಲ್ಲ ಜನ ಮೊದಲು ನನ್ನ ಕೊರಳು ನೋಡಿ, ಲಿಂಗದ ಕರಡಿಗೆ ಇದೆ ಎಂದು ಖಾತ್ರಿಯಾದ ಮೇಲೆ ಮುಖ ನೋಡುತ್ತಿದ್ದರು.

ಬಸ್ರಾದ ಒಂದು ಕಾಲೇಜಿನವರು ಪರದೇಶದ ವಿದ್ಯಾರ್ಥಿಗಳಿಗೆ ಎರಡು ತಿಂಗಳು ಅರಬ್ಬೀ ಪಾಠ ಹೇಳುತ್ತಾರೆಂದು ನಮ್ಮ ಕಾಲೇಜಿನಿಂದ ಇಬ್ಬರನ್ನು ಆರಿಸಿದ್ದರು. ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸಿನವರೊಬ್ಬರು ಮನೆಗೆ ಬಂದರು. ಅಮ್ಮ ಕೊಟ್ಟ ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು, ತೆಲುಗಿನಲ್ಲಿ ಕೇಳಿದರು.

"ಅರಬ್ಬೀ ನೀಕೆಂದುಕಯ್ಯಾ? ಮಾರಿಪೋತಾವಾ ಏಮಿ?"

ಅರಬ್ಬೀ ನಿನಗ್ಯಾಕೆ, ಮತ ಬದಲಾಯಿಸ್ತೀಯಾ ಹೇಗೆ ಎಂದು. ನನಗೆ ಮೈಯೆಲ್ಲ ಉರಿಯಿತು. ಏನೋ ಅನ್ನಲು ಬಾಯಿ ತೆರೆದವನು, ಒಳಗಿನ ಬಾಗಿಲಲ್ಲಿ ಚಿಕ್ಕಮ್ಮ ನಿಂತದ್ದು ನೋಡಿ, ಅವರ ಖಾಲಿ ಲೋಟ ಎತ್ತಿಕೊಂಡೆ. ನಾನು ಅರಬ್ಬೀ ಕಲಿತದ್ದು ಯಾಕೆಂದು ಗೊತ್ತಿದ್ದದ್ದು ಅವಳೊಬ್ಬಳಿಗೇ.

ಆ ಕಥೆ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಚಿಕ್ಕಪ್ಪ ವೀರಭದ್ರಪ್ಪ ಮೊದಲನೆಯ ಮಹಾಯುದ್ಧದಲ್ಲಿ ಪಡೆಯ ಹೇಸರಗತ್ತೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಬಸ್ರಾಕ್ಕೆ ಹೋದವರು. ಯುದ್ಧ ಮುಗಿದ ಮೇಲೆ ಊರಿಗೆ ಬಂದು ಚಿಕ್ಕಮ್ಮನನ್ನು ಮದುವೆಯಾಗಿ, ಎರಡು ವರ್ಷ ಇದ್ದು, ಮಳೆಯಿಲ್ಲದ ಊರಲ್ಲಿ ಮನಸ್ಸು ನಿಲ್ಲದೆ ಮತ್ತೆ ಅಲ್ಲಿಗೇ ಹೋದರು. ಯುಗಾದಿಗೊಂದು ಕಾಗದ ಬರುತ್ತಿತ್ತು. ಆಮೇಲೆ ಒಂದು ಯುಗಾದಿ ಸುಮ್ಮನೆ ಹೋಯಿತು. ಅದೇ ವರ್ಷ, ನನಗಾಗ ಆರು ವರ್ಷ, ಬಸ್ರಾದ ಮೊಹರು ಬಿದ್ದ ಒಂದು ಲಕೋಟೆ ಬಂತು. ಮೇಲಿನ ವಿಳಾಸ ಮಾತ್ರ ಇಂಗ್ಲಿಷಿನಲ್ಲಿ. ಒಳಗಿನ ಎರಡು ಹಾಳೆ ಪೂರ್ತಿ ಅರಬ್ಬೀ.

ಅಜ್ಜಿ ಅದನ್ನು ದರ್ಗಾದ ಹಜರತರ ಹತ್ತಿರ ತೆಗೆದುಕೊಂಡು ಹೋದಳು. ಅವರು ಒಳ್ಳೆಯ ಮನುಷ್ಯರು. "ಅಕ್ಷರ ಓದ್ತೀನಿ ಕಣಮ್ಮ, ಅರ್ಥ ನಂಗೆ ಬರಾಕಿಲ್ಲ. ಇದು ದೇವ್ರ ವಾಕ್ಯ ಅಲ್ಲ, ಯಾರೋ ಬರ್ದಿರೋ ಊರ ಮಾತು. ತಿಳಿದೋರಿಗೆ ತೋರ್ಸು" ಎಂದು ನೆಟ್ಟಗೆ ಹೇಳಿ, ರಾಗವಾಗಿ ನಾಲ್ಕು ಸಾಲು ಓದಿದರು. ಅಜ್ಜಿಗೆ ರಾಗ ಮಾತ್ರ ಕೇಳಿಸಿತು. ಮನೆಗೆ ಬಂದವಳೇ ಕಾಗದವನ್ನು ಹಸಿರು ಬಟ್ಟೆಯಲ್ಲಿ ಸುತ್ತಿ, ದೇವರ ಗೂಡಿನಲ್ಲಿಟ್ಟು, ಲೋಬಾನದ ಹೊಗೆ ಹಾಕಿದಳು. ಲಿಂಗವಂತರ ಮನೆ ಗೂಡಿನಲ್ಲಿ ಲೋಬಾನ! ಯಾರಿಗೂ ಅದು ವಿಚಿತ್ರವೆನ್ನಿಸಲಿಲ್ಲ. ಅಪ್ಪ ಹಳೆಯ ವಿಳಾಸಕ್ಕೆ ಕನ್ನಡದಲ್ಲಿ ಒಂದು ಕಾರ್ಡು ಹಾಕಿ ಕೈತೊಳೆದುಕೊಂಡರು.

ಆ ವರ್ಷವೇ ನನಗೆ ವಿಷಮಶೀತ ಜ್ವರ ಬಂತು. ದರ್ಗಾದಲ್ಲಿ ತಟ್ಟೆಯ ಮೇಲೆ ಮಂತ್ರ ಬರೆದು, ತೊಳೆದು, ಆ ನೀರು ಕುಡಿಸುವುದನ್ನು ಅಜ್ಜಿ ನೋಡಿದ್ದಳು. ಮನೆಯಲ್ಲೇ ಇಷ್ಟು ದೊಡ್ಡ ಅರಬ್ಬೀ ಇರುವಾಗ ಅಲ್ಲಿಗೆ ಯಾಕೆ ಹೋಗಬೇಕು? ಮೊದಲನೆಯ ಹಾಳೆಯನ್ನು ಕಂಚಿನ ಬಟ್ಟಲಲ್ಲಿ ತೊಳೆದು ನನಗೆ ಕುಡಿಸಿದಳು. ತುಕ್ಕು ಹಿಡಿದ ಮೊಳೆ ಚೀಪಿದ ಹಾಗಿತ್ತು. ಜ್ವರ ಇಳಿಯಿತು. ಇಳಿಯದೇ ಇದ್ದಿದ್ದರೆ ಒಳ್ಳೆಯದಿತ್ತೇನೋ ಎಂದು ಸಿಟ್ಟು ಬಂದಾಗ ಅಂದುಕೊಳ್ಳುತ್ತೇನೆ. ಯಾಕೆಂದರೆ ಇಳಿದ ಮೇಲೆ ಬೀದಿಯ ಜನವೆಲ್ಲ ಎರಡನೆಯ ಹಾಳೆಗೆ ಬಟ್ಟಲು ಹಿಡಿದು ಬಂದರು. ಅಷ್ಟರಲ್ಲಿ ಅದು ಗೂಡಿನಿಂದ ಮಾಯವಾಗಿತ್ತು.

ಚಿಕ್ಕಮ್ಮ ಅದನ್ನು ತನ್ನ ಟ್ರಂಕಿನಲ್ಲಿ ಸೀರೆಗಳ ನಡುವೆ ಬಚ್ಚಿಟ್ಟಿದ್ದಳು. ನಾನು ಮದರಾಸಿಗೆ ಓದಲು ಹೊರಟ ದಿನ ತೆಗೆದುಕೊಟ್ಟಳು.

"ನೀನು ಕುಡ್ದಿರೋದನ್ನ ಕೇಳಾಕಿಲ್ಲ ಕಣಪ್ಪ. ಇದ್ನಾರ ಓದ್ಕೊಂಡು ಬಾ. ನಾನು ಮುತ್ತೈದೇನೋ ಅಲ್ವೋ, ಅಷ್ಟು ತಿಳಿದ್ರೆ ಸಾಕು."

ಕಾಲೇಜಿನಲ್ಲಿ ಅರಬ್ಬೀ ಪ್ರೊಫೆಸರರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಅರ್ಧ ನಿಮಿಷದಲ್ಲಿ ಓದಿ ಹೇಳಿದರು. "ಅವರ ಪೆಟ್ಟಿಗೆ ನಮ್ಮ ಮನೆಯಲ್ಲಿದೆ. ಯಾರಾದರೂ ಬಂದರೆ ಕೊಡುತ್ತೇವೆ. ನಾವು ಕೇಳಿದ್ದಕ್ಕೆ ದಯವಿಟ್ಟು ಉತ್ತರ ಬರೆಯಿರಿ." ಕೆಳಗೆ ಬಸ್ರಾದ ಅಶಾರ್ ಪೇಟೆಯ ಒಂದು ಖರ್ಜೂರದ ಗೋದಾಮಿನ ವಿಳಾಸ. ಅಷ್ಟೇ. ಹತ್ತು ಹನ್ನೆರಡು ವರ್ಷ ಒಂದು ಮನೆಯವರೆಲ್ಲ ಕೈಮುಗಿದ ಕಾಗದಕ್ಕೆ ಬೇಕಾಗಿದ್ದದ್ದು ಅರ್ಧ ನಿಮಿಷ. ಸುದ್ದಿ ಕೆಟ್ಟದ್ದಿರಬಹುದೆಂಬ ಹೆದರಿಕೆಗೆ ನಮ್ಮವರು ಅದನ್ನು ದೇವರು ಮಾಡಿ ಕೂರಿಸಿದ್ದರು. ಹಾಗೆಂದು ನಾನು ಇವತ್ತಿಗೂ ನಂಬಿದ್ದೇನೆ. ಆ ಸಿಟ್ಟಿಗೇ ಮರುದಿನ ಅರಬ್ಬೀ ತರಗತಿಗೆ ಹೆಸರು ಕೊಟ್ಟೆ. ವರ್ಷ ತುಂಬುವಷ್ಟರಲ್ಲಿ ಆ ವಿಳಾಸಕ್ಕೆ ನಾನೇ ಮೂರು ಕಾಗದ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ.

ಚಿಕ್ಕಮ್ಮನಿಗೆ ಇದನ್ನು ಹೇಳಿದಾಗ ಅವಳ ತರ್ಕವೇ ಬೇರೆ. "ಪೆಟ್ಟಿಗೆ ಇಟ್ಕೊಂಡವ್ರೆ ಅಂದ್ರೆ, ಪೆಟ್ಟಿಗೆಯೋನು ಬತ್ತಾನೆ ಅಂತ ತಾನೆ?"

ನನಗೆ ಹಾಗನ್ನಿಸಿರಲಿಲ್ಲ. ಬೀದಿಯವರಿಗೂ ಹಾಗನ್ನಿಸಿರಲಿಲ್ಲ. ಅಲ್ಲೇ ಇನ್ನೊಂದು ಸಂಸಾರ ಹೂಡಿರಬೇಕೆಂದು ಅವರು ಎಂದೋ ತೀರ್ಮಾನ ಮಾಡಿದ್ದರು, ನನಗೂ ಒಳಗೊಳಗೆ ಅದೇ ಅನುಮಾನ.

ಹಿಂದೂಪುರ

ಕಲ್ಯಾಣದುರ್ಗದ ಬಸ್ಸು ಎರಡು ಕಡೆ ಕೆಟ್ಟು, ಪೆನ್ನೆ ಹೊಳೆಯ ಒಣ ಮರಳಿನಲ್ಲಿ ನಮ್ಮಿಂದಲೇ ತಳ್ಳಿಸಿಕೊಂಡು ಹಿಂದೂಪುರ ಮುಟ್ಟಿತು. ರೈಲ್ವೆ ಸ್ಟೇಷನ್ನಿನಲ್ಲಿ ಖಾದರ್ ಕಾಯುತ್ತಿದ್ದ. ಹಿಂದೂಪುರದ ಹುಣಿಸೆಹಣ್ಣಿನ ವ್ಯಾಪಾರಿಯ ಮಗ, ಅರಬ್ಬೀಯಲ್ಲಿ ನನ್ನ ಸಹಪಾಠಿ, ಬಸ್ರಾಕ್ಕೆ ಆರಿಸಿದ್ದ ಇನ್ನೊಬ್ಬ. ಅವನನ್ನು ಕಳಿಸಲು ಬಂದಿದ್ದ ಹಿರಿಯರೆಲ್ಲ ಅವನ ತಲೆ ಮುಟ್ಟಿ ಹರಸಿ, ನನ್ನ ಕಡೆ ತಿರುಗಿ, "ಅವ್ನು ಹೋಗ್ತವ್ನೆ ಸರಿ. ನೀನ್ಯಾಕಪ್ಪಾ?" ಎಂದರು.

ರೈಲು ಹೊರಟ ಮೇಲೆ ನಾನು ಸಿಡಿದೆ. ಖಾದರ್ ನಕ್ಕ.

"ನಿನ್ನನ್ನ ಕೇಳ್ತಾರಲ್ಲ, ಪುಣ್ಯವಂತ ಕಣ್ಲಾ ನೀನು. ನನ್ನ ಯಾರಾದ್ರೂ ಕೇಳವ್ರಾ? ಸಾಬರ ಹುಡುಗ, ದೀನಿಗೋಸ್ಕರ, ಧರ್ಮಕ್ಕೋಸ್ಕರ ಕಲೀತಾನೆ ಅಂದ್ಬುಟ್ಟು ಅವ್ರೇ ಬರ್ಕೊಂಡ್ರು. ನಂಗೆ ಲೆಕ್ಕ ಓದ್ಬೇಕಾಗಿತ್ತು. ಲೆಕ್ಕದ ಕ್ಲಾಸು ಬೆಳಿಗ್ಗೆ ಏಳಕ್ಕೆ, ಅರಬ್ಬೀ ಹನ್ನೊಂದಕ್ಕೆ. ನಿದ್ದೆ ಗೆದ್ತು."

ನಮ್ಮ ತರಗತಿಯಲ್ಲಿ ಇದ್ದದ್ದು ಐದೇ ಜನ. ಒಬ್ಬನ ತಂದೆಗೆ ಏಡನ್ನಿನಲ್ಲಿ ಚರ್ಮದ ವ್ಯಾಪಾರ. ಒಬ್ಬನಿಗೆ ಸರ್ಕಾರದಲ್ಲಿ ತರ್ಜುಮೆ ಮಾಡುವ ಹುದ್ದೆಯ ಆಸೆ. ಒಬ್ಬ ನಿಜವಾಗಿ ಭಕ್ತ, ಓದುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ನಾಲ್ಕನೆಯವನು ನಿದ್ದೆಗಾಗಿ ಬಂದ ಈ ಖಾದರ್. ಐದನೆಯವನು ನಾನು. ನಮ್ಮೈವರಲ್ಲಿ ಹೆಚ್ಚು ಅಂಕ ಬರುತ್ತಿದ್ದದ್ದು ಖಾದರನಿಗೆ, ಇದೂ ನನಗೆ ಸಿಟ್ಟು ತರಿಸುವ ಸಂಗತಿಯೇ.

ಹಡಗು

ಬೊಂಬಾಯಿಯಿಂದ ಬಸ್ರಾಕ್ಕೆ ಹೋಗುವ ಹಡಗು ಅಲೆಅಲೆಗೂ ನಿಂತು ಹೋಗುವ ಜಾತಿಯದು. ನಮ್ಮ ಜಾಗ ಮೇಲಿನ ಅಟ್ಟದಲ್ಲಿ, ಚಾಪೆಯ ಮೇಲೆ. ಪಕ್ಕದಲ್ಲಿ ಒಬ್ಬ ಗುಜರಾತಿ ಸೇಟು. ಮೊದಲ ದಿನ ವಾಂತಿ ಮಾಡಿಕೊಂಡು ಬಿದ್ದಿದ್ದ ನನಗೆ ನಿಂಬೆಹಣ್ಣು ಕೊಟ್ಟು ಉಪಚರಿಸಿದ ಪುಣ್ಯಾತ್ಮ, ನಾನು ಎದ್ದು ಕೂತ ಕೂಡಲೇ ಕೇಳಿದ ಮೊದಲ ಮಾತು, "ಅರಬ್ಬೀ ಕಲಿತು ಏನು ಮಾರ್ತೀರಿ?"

ಏನೂ ಮಾರುವುದಿಲ್ಲ ಎಂದೆ. ಅವರು ನಂಬಲಿಲ್ಲ. ನಾನು ಏನೋ ದೊಡ್ಡದನ್ನೇ ಮಾರುತ್ತೇನೆ, ಅದಕ್ಕೇ ಗುಟ್ಟು ಬಿಡುತ್ತಿಲ್ಲ ಎಂದು ಮಸ್ಕತ್ತಿನವರೆಗೂ ನನ್ನ ಹಿಂದೆ ಬಿದ್ದರು. ಅಲ್ಲಿ ಅವರು ಇಳಿದದ್ದಕ್ಕೆ ನಾನು ಸಮುದ್ರಕ್ಕೆ ಕೈಮುಗಿದೆ.

ಬಸ್ರಾ, ಮೊದಲ ದಿನ

ಶತ್ ಅಲ್ ಅರಬ್ ಎಂಬ ಆ ನದಿಯನ್ನು ನೋಡಿದಾಗ ಹೊಟ್ಟೆ ಉರಿಯಿತು. ಅಷ್ಟು ನೀರು, ಯಾರಿಗೂ ಬೇಡವೆಂಬಂತೆ ಸುಮ್ಮನೆ ಹರಿಯುತ್ತದೆ. ನಮ್ಮ ಪೆನ್ನೆಯಲ್ಲಿ ಮಂಡಿಯುದ್ದ ಗುಂಡಿ ತೋಡಿ ಚಿಪ್ಪಿನಲ್ಲಿ ನೀರು ಮೊಗೆಯುವ ನಮ್ಮ ಹೆಂಗಸರು ಕಣ್ಣಿಗೆ ಕಟ್ಟಿದರು. ಎರಡು ದಡದಲ್ಲೂ ಖರ್ಜೂರದ ಮರ. ಊರ ಪಕ್ಕದ ಕಂಬದೂರಿನ ದಿಣ್ಣೆಗಳ ಮೇಲೆ ನಿಲ್ಲುವ ನಮ್ಮ ಬಡ ಈಚಲು ಮರಗಳ ಶ್ರೀಮಂತ ನೆಂಟರು ಇವು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಮುಖ ಅದೇ, ಮೈ ಮಾತ್ರ ತುಂಬಿಕೊಂಡಿದೆ.

ಸುಂಕದ ಕಟ್ಟೆಯ ಅಧಿಕಾರಿ ನನ್ನ ಪೆಟ್ಟಿಗೆ ಶೋಧಿಸಿ, ಅಂಗಿಯೊಳಗಿನ ಕರಡಿಗೆಯ ಉಬ್ಬು ನೋಡಿ, ಅದೇನು ಎಂದು ಕೇಳಿದ. ದೇವರು ಎಂದೆ. ಬಿಚ್ಚು ಎಂದ. ಬಿಚ್ಚುವುದಿಲ್ಲ ಎಂದೆ. ನಾಲ್ಕು ವರ್ಷ ಕಲಿತ ಅರಬ್ಬೀಯಲ್ಲಿ ನಾನು ಆಡಿದ ಮೊದಲ ಜಗಳ ಇದು. ಅಚ್ಚ ಗ್ರಂಥದ ಭಾಷೆಯಲ್ಲಿ ಜಗಳವಾಡಿದ್ದಕ್ಕೆ ಸುತ್ತಲಿನ ಹಮಾಲಿಗಳು ಹೊರೆ ಇಳಿಸಿ ನಿಂತು ಕೇಳಿದರು. ಒಬ್ಬ ಮುದುಕ ಭಕ್ತಿಯಿಂದ ತಲೆ ತೂಗುತ್ತಿದ್ದ. ಕೊನೆಗೆ ಖಾದರ್ ನಡುವೆ ಬಂದು, ಇದು ಇವರು ಸಾಯುವವರೆಗೂ ಮೈಮೇಲಿಂದ ಇಳಿಸದ ದೇವರು ಎಂದು ವಿವರಿಸಿದ. ಅಧಿಕಾರಿ ಕರಡಿಗೆಯ ಮುಚ್ಚಳ ಮಾತ್ರ ನನ್ನ ಕೈಯಿಂದಲೇ ತೆಗೆಸಿ ನೋಡಿ ಬಿಟ್ಟ. ನನ್ನ ಸಿಟ್ಟು ಇಳಿಯಲಿಲ್ಲ. ಇವರ ಮುಂದೆ ನಾನೇನು ಬಚ್ಚಿಡಬೇಕು ಎಂದು ಆವತ್ತಿನಿಂದ ಕರಡಿಗೆಯನ್ನು ಅಂಗಿಯ ಹೊರಗೇ ಬಿಟ್ಟುಕೊಂಡು ತಿರುಗಿದೆ.

ಕಾಲೇಜಿನಲ್ಲಿ ಒಂದು ನಮೂನೆ ಕೊಟ್ಟರು. ಅರಬ್ಬೀ ಕಲಿಯುವ ಉದ್ದೇಶ: ಧರ್ಮ, ವ್ಯಾಪಾರ, ಸರ್ಕಾರಿ ಕೆಲಸ, ಸಾಹಿತ್ಯ. ಒಂದಕ್ಕೆ ಗುರುತು ಹಾಕಬೇಕು. ಖಾದರ್ ಕಣ್ಣು ಮಿಟುಕಿಸಿ ಧರ್ಮಕ್ಕೆ ಗುರುತು ಹಾಕಿದ. ನಾನು ನಾಲ್ಕನ್ನೂ ಹೊಡೆದುಹಾಕಿ, ಕೆಳಗೆ 'ಸಿಟ್ಟು' ಎಂದು ಬರೆದೆ. ಪ್ರಿನ್ಸಿಪಾಲರು ನನ್ನನ್ನು ಕರೆಸಿದರು.

"ಯಾರ ಮೇಲೆ ಸಿಟ್ಟು?"

"ನಮ್ಮವರ ಮೇಲೆ."

ಅವರು "ಹಾಗಾದರೆ ಬೇಗ ಕಲಿಯುತ್ತೀರಿ" ಎಂದು ನಮೂನೆಯನ್ನು ಮಡಚಿಟ್ಟರು. ಇಷ್ಟೂ ಪ್ರಯಾಣದಲ್ಲಿ ನನಗೆ ಉಪದೇಶ ಮಾಡದ ಅಧಿಕಾರಿ ಅವರೊಬ್ಬರೇ.

ಅಶಾರ್ ಪೇಟೆ, ಒಂಬತ್ತನೆಯ ದಿನ

ಕಾಗದದ ವಿಳಾಸದಲ್ಲಿ ಖರ್ಜೂರದ ಗೋದಾಮು ಇರಲಿಲ್ಲ. ಅಲ್ಲೊಂದು ಮೋಟಾರು ರಿಪೇರಿ ಶೆಡ್ಡು ಇತ್ತು. ನನ್ನ ಮೂರು ಕಾಗದ ಎಲ್ಲಿ ಬಿದ್ದವೋ! ಎಂಟು ದಿನ ಪಾಠ ಮುಗಿದ ಮೇಲೆ ಅಶಾರ್ ಸುತ್ತಿದೆ. "ವೀರಭದ್ರಪ್ಪ" ಎಂದರೆ ಜನ ಕೆಮ್ಮು ಬಂತೇನೋ ಎಂದು ನೀರು ಕೊಡಲು ಬರುತ್ತಿದ್ದರು. ಹದಿನಾರು ವರ್ಷದ ಹಿಂದಿನ ಹಿಂದೂಸ್ಥಾನಿ ಹೇಸರಗತ್ತೆಯವನನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಒಂಬತ್ತನೆಯ ದಿನ ಒಂದು ಚಹದಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಅಲ್ಲಿ ಚಹಕ್ಕೆ ಹಾಲು ಹಾಕುವುದಿಲ್ಲ. ಹೆಬ್ಬೆರಳುದ್ದದ ಗಾಜಿನ ಲೋಟದಲ್ಲಿ ಕಪ್ಪಗೆ, ಪಾಯಸದಷ್ಟು ಸಿಹಿಯಾಗಿ ಕೊಡುತ್ತಾರೆ. ಎದುರಿಗಿದ್ದ ಗಾಡಿ ಹೊಡೆಯುವ ಮುದುಕನೊಬ್ಬ ಲೋಟ ಕೆಳಗಿಟ್ಟು ನನ್ನ ಎದೆಯ ಮೇಲಿನ ಕರಡಿಗೆಯನ್ನೇ ನೋಡತೊಡಗಿದ. ಇವನೂ ಬಿಚ್ಚು ಅನ್ನುತ್ತಾನೆ ಎಂದು ನಾನು ಹಲ್ಲು ಕಚ್ಚಿಕೊಂಡೆ.

"ಈ ಬೆಳ್ಳಿ ಮೊಟ್ಟೆ ಇನ್ನೊಬ್ಬನ ಕೊರಳಲ್ಲಿ ನೋಡಿದ್ದೇನೆ," ಎಂದ ಮುದುಕ. "ಹೇಸರಗತ್ತೆಗಳ ಜೊತೆ ತನ್ನ ಭಾಷೆಯಲ್ಲೇ ಮಾತಾಡುತ್ತಿದ್ದ. ಅವೂ ಕೇಳುತ್ತಿದ್ದವು."

ಅವರು ನನ್ನ ಚಿಕ್ಕಪ್ಪ ಎಂದು ಎದ್ದು ನಿಂತೆ. ಮುದುಕ, ಮಿಕ್ಕದ್ದು ಅವನಿದ್ದ ಮನೆಯವರೇ ಹೇಳಲಿ ಎಂದು ನನ್ನನ್ನು ತನ್ನ ಗಾಡಿಯಲ್ಲೇ ಕೂರಿಸಿಕೊಂಡು ಊರಾಚೆಯ ಒಂದು ತೋಟಕ್ಕೆ ಕರೆದುಕೊಂಡು ಹೋದ.

ಖರ್ಜೂರದ ತೋಟ

ದಾರಿಯುದ್ದಕ್ಕೂ ನಾನು ಮಾತುಗಳನ್ನು ಮಸೆದುಕೊಂಡೆ. ಅಲ್ಲೊಬ್ಬಳು ಚಿಕ್ಕಪ್ಪನ ಹೆಂಡತಿ ಇರುತ್ತಾಳೆ, ಮಕ್ಕಳಿರುತ್ತಾರೆ, ನಮ್ಮ ಚಿಕ್ಕಮ್ಮನ ಬದುಕಿಗೆ ಏನು ಜವಾಬು ಎಂದು ಕೇಳಬೇಕು. ಸಿಟ್ಟಿಗೆ ಬೇಕಾದ ಅರಬ್ಬೀ ಶಬ್ದಗಳೆಲ್ಲ ನನಗೆ ಚೆನ್ನಾಗಿ ಬರುತ್ತಿದ್ದವು.

ತೋಟದ ಮನೆಯಲ್ಲಿದ್ದದ್ದು ಎಪ್ಪತ್ತರ ಮೇಲಿನ ಮುದುಕಿ. ಮಗನ ಹೆಸರು ಯೂಸುಫ್ ಆದ್ದರಿಂದ ಅವಳನ್ನು ಎಲ್ಲರೂ ಯೂಸುಫನ ತಾಯಿ ಎಂದೇ ಕರೆಯುತ್ತಾರೆ. ಖರ್ಜೂರದ ಗೋದಾಮು ಅವಳ ಗಂಡನದಾಗಿತ್ತು. ಗಂಡ ತೀರಿಕೊಂಡ ಮೇಲೆ ಮಾರಿದ್ದರು. ಚಿಕ್ಕಪ್ಪ ಇದ್ದದ್ದು ಅವರ ಹೇಸರಗತ್ತೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ. ನಾನು ಯಾರೆಂದು ಹೇಳಿ ಮುಗಿಸುವ ಮೊದಲೇ ಅವಳು ಎದ್ದು ನಿಂತಳು. ನಾನು ಬೈಯಬೇಕೆಂದು ಹೋಗಿದ್ದೆ. ಬೈದವಳು ಅವಳು.

"ಈಗ ಬಂದಿರಾ? ಹದಿನಾರು ವರ್ಷ! ಸಂತೆಯ ಬರಹಗಾರನನ್ನು ಕೂರಿಸಿ ಎರಡು ಹಾಳೆ ಬರೆಸಿದೆವು. ಒಂದು ಸಾಲು ಉತ್ತರ ಇಲ್ಲ. ಸತ್ತವನಿಗೆ ಮನೆಯವರೇ ಇರಲಿಲ್ಲವೇ? ನೀವೆಂಥ ಜನ?"

ಸತ್ತವನು. ಹೀಗೆ ನನಗೆ ತಿಳಿಯಿತು. ಚಿಕ್ಕಪ್ಪ ಜ್ವರದಲ್ಲಿ ಆರನೆಯ ದಿನ ತೀರಿಕೊಂಡಿದ್ದರು. ಬೇರೆ ಸಂಸಾರ ಯಾವುದೂ ಇರಲಿಲ್ಲ.

ನಾನು ತಲೆ ತಗ್ಗಿಸಿ, ಕಾಗದದ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಹಸಿರು ಬಟ್ಟೆ, ಲೋಬಾನ, ಕಂಚಿನ ಬಟ್ಟಲು, ನನ್ನ ಜ್ವರ. ನಾಚಿಕೆಯಿಂದ ಅರಬ್ಬೀ ಮತ್ತೆ ಮತ್ತೆ ಕೈಕೊಟ್ಟಿತು. ಅವಳು ಬಾಯಿಗೆ ತಲೆವಸ್ತ್ರದ ಅಂಚು ಹಿಡಿದು ಕೇಳಿದಳು.

"ಕುಡಿಸಿದರೇ? ಅದು ಸಾವಿನ ಸುದ್ದಿ, ಮಗನೇ. ಕಾಯಿಲೆ ಮಗುವಿಗೆ ಅದನ್ನು ಕುಡಿಸಿದರೇ?"

"ಹೌದಮ್ಮಾ."

"ಹಾಗಾದರೆ ನಾವು ಕೇಳಿದ್ದನ್ನು ನೀವು ಓದಲೇ ಇಲ್ಲ."

ಅವರು ಕೇಳಿದ್ದು ಇದು. ಚಿಕ್ಕಪ್ಪ ಸಾಯುವ ಮುಂಚೆ ತಮ್ಮ ಹರುಕು ಅರಬ್ಬೀಯಲ್ಲಿ ಅವಳ ಗಂಡನ ಕೈಹಿಡಿದು ಹೇಳಿದ್ದರಂತೆ: ಬೆಂಕಿ ಬೇಡ, ಮಣ್ಣು. ಮಲಗಿಸಬೇಡಿ, ಕೂರಿಸಿ. ಈ ಬೆಳ್ಳಿ ತೆಗೆಯಬೇಡಿ. ಪೇಟೆಯ ಹಿಂದೂಸ್ಥಾನಿ ಗುಮಾಸ್ತನೊಬ್ಬ, ಹಿಂದೂಗಳನ್ನು ಸುಡುತ್ತಾರೆ, ಹೂಳಿದರೆ ಅವನ ಮನೆಯವರು ನಿಮ್ಮನ್ನು ಶಪಿಸುತ್ತಾರೆ ಎಂದು ಹೆದರಿಸಿದ. ನೆರೆಯವರು, ಕೂರಿಸಿ ಹೂಳುವುದು ಯಾವ ಧರ್ಮ ಎಂದು ಇವರ ಮನೆಗೆ ಬರುವುದನ್ನೇ ಬಿಟ್ಟರು. ಅವಳ ಗಂಡ ಯಾರ ಮಾತೂ ಕೇಳದೆ ತನ್ನ ತೋಟದ ಮೂಲೆಯಲ್ಲಿ ತಾನೇ ಗುಂಡಿ ತೋಡಿ, ಚಿಕ್ಕಪ್ಪನನ್ನು ಕೂರಿಸಿ, ಕರಡಿಗೆಯನ್ನು ಅಂಗೈಯಲ್ಲಿಟ್ಟು ಮಣ್ಣು ಮುಚ್ಚಿದ. ಆಮೇಲೆ ಅವನಿಗೆ ದಿಗಿಲು ಹಿಡಿಯಿತು. ಜ್ವರದ ತಲೆಯಲ್ಲಿ ಆಡಿದ ಮಾತಾಗಿದ್ದರೆ? ತಾನು ಪಾಪ ಮಾಡಿದೆನೇ? ಅದನ್ನು ಕೇಳಿಯೇ ಬರೆಸಿದ ಕಾಗದ. ಉತ್ತರ ಬರಲಿಲ್ಲ. ಶಪಿಸಿಯೇ ಸುಮ್ಮನಿದ್ದಾರೆ ಎಂದುಕೊಂಡೇ ಅವನು ಸತ್ತನಂತೆ.

ನನಗೆ ನಮ್ಮ ಮನೆಯ ಗೂಡು, ಅಪ್ಪ ಹಾಕಿದ ಒಂದೇ ಕಾರ್ಡು, ಬಟ್ಟಲು ಹಿಡಿದು ನಿಂತ ಬೀದಿ, ಎಲ್ಲದರ ಮೇಲೂ ಕೂಗಾಡಬೇಕೆನ್ನಿಸಿತು. ಕೂಗಾಡಲು ಅಲ್ಲಿ ಯಾರೂ ಇರಲಿಲ್ಲ. ಕುಡಿದವನು ನಾನೇ.

"ಸರಿಯಾಗಿಯೇ ಮಾಡಿದಿರಿ, ತಾಯೀ," ಎಂದೆ. "ನಮ್ಮಲ್ಲಿ ಹಾಗೆಯೇ ಮಾಡುತ್ತಾರೆ. ಕೂರಿಸಿ, ಲಿಂಗವನ್ನು ಅಂಗೈಯಲ್ಲಿಟ್ಟು, ಮಣ್ಣು. ನಾವಿದ್ದಿದ್ದರೂ ಅಷ್ಟೇ ಮಾಡುತ್ತಿದ್ದೆವು."

ಅವಳು ಇನ್ನೊಮ್ಮೆ ಹೇಳು ಎಂದಳು. ಹೇಳಿದೆ. ನನ್ನನ್ನು ತೋಟದ ಮೂಲೆಗೆ ಕರೆದುಕೊಂಡು ಹೋಗಿ, ಎರಡು ಸಮಾಧಿಗಳ ನಡುವೆ ನಿಲ್ಲಿಸಿ, ಗಂಡನಿಗೂ ಕೇಳುವ ಹಾಗೆ ಜೋರಾಗಿ ಹೇಳು ಎಂದಳು. ಜೋರಾಗಿ ಹೇಳಿದೆ. ನಾಲ್ಕು ವರ್ಷ ಅರಬ್ಬೀ ಕಲಿತದ್ದು ಈ ನಾಲ್ಕು ವಾಕ್ಯಕ್ಕೆ ಎಂದರೆ ಯಾವ ನಮೂನೆಯಲ್ಲಿ ಅದಕ್ಕೆ ಜಾಗವಿದೆ?

ಪೆಟ್ಟಿಗೆ ತಂದುಕೊಟ್ಟಳು. ಒಂದು ವಿಭೂತಿ ಗಟ್ಟಿ, ಒಂದು ಕ್ಷೌರದ ಕತ್ತಿ, ಮತ್ತೆ ಕಂಬದೂರಿನ ಕರಿ ಕಂಬಳಿ. ಹದಿನಾರು ವರ್ಷದ ಕಂಬಳಿಗೆ ಒಂದು ಹುಳುವೂ ಬಿದ್ದಿರಲಿಲ್ಲ. ಪ್ರತಿ ಬೇಸಿಗೆ ಬಿಸಿಲಿಗೆ ಹಾಕಿ ಒದರಿ ಮಡಚಿದ್ದಾಳೆ.

"ಯಾರಾದರೂ ಬಂದರೆ ಕೊಡುತ್ತೇವೆ ಎಂದು ಬರೆದಿದ್ದೆವಲ್ಲ," ಎಂದಳು.

ಮತ್ತೆ ಕಲ್ಯಾಣದುರ್ಗ

ಮನೆಯಲ್ಲಿ ಎಲ್ಲರ ಮುಂದೆ ಹೇಳಿದೆ, ಒಂದು ಮಾತೂ ಬಿಡದೆ. ಕುಡಿಸಿದ ಅಜ್ಜಿ ಮಾತ್ರ ಕೇಳಲು ಉಳಿದಿರಲಿಲ್ಲ. ಅಪ್ಪ ಗೋಡೆ ನೋಡಿಕೊಂಡು, "ನಮಗೇನು ಗೊತ್ತಿತ್ತು?" ಎಂದರು. ಗೊತ್ತು ಮಾಡಿಕೊಳ್ಳಲಿಲ್ಲ ಎಂದು ನಾನು ತಂದೆಯ ಮುಂದೆ ಮೊದಲ ಸಲ ದನಿಯೆತ್ತಿದೆ. ಅಮ್ಮ ಅತ್ತಳು. ಚಿಕ್ಕಮ್ಮ ಅಳಲಿಲ್ಲ. ಕಂಬಳಿಯನ್ನು ಮಡಿಲಲ್ಲಿಟ್ಟುಕೊಂಡು, ಅದರ ಅಂಚು ಎಳೆದೆಳೆದು ನೋಡಿದಳು. ಇನ್ನೊಂದು ಕೈ ತಾಳಿಯ ಮೇಲಿತ್ತು.

"ಎಷ್ಟು ವರ್ಸ ಬಿಸ್ಲಿಗಾಕಿದ್ಲಂತೆ ಆಯಮ್ಮ?"

"ಹದಿನಾರು."

"ನಾನೂ ಹದ್ನಾರು ವರ್ಸ ಕಾದೆ. ಅವ್ಳೂ ಕಾದ್ಲು. ನಡುವೆ ಒಂದ್ ಕಾಗ್ದ." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಬರ್ಕೊ" ಎಂದಳು.

ನಾನು ಪೆನ್ನು ತೆಗೆದೆ. ಅವಳು ಒಂದೊಂದೇ ಮಾತು ಹೇಳಿದಳು. ನಾನು ಅರಬ್ಬೀಯಲ್ಲಿ ಬರೆದುಕೊಂಡೆ. ನಮ್ಮೋರನ್ನ ಚೆನ್ನಾಗಿ ಕೂರ್ಸಿದ್ದೀರಿ. ನಿಮ್ ಯಜಮಾನ್ರ ಕಾಲಿಗೆ ಇಲ್ಲಿಂದ್ಲೇ ಬೀಳ್ತೀನಿ. ಕಂಬ್ಳಿ ಮುಟ್ತು. ಬರೆದದ್ದನ್ನು ಓದಿಸಿಕೊಂಡು, ಅರ್ಥವಾಗದ ಆ ಭಾಷೆಗೆ ತಲೆಯಾಡಿಸಿದಳು. ನಾನು ಹಾಳೆ ಮಡಚಲು ಹೋದಾಗ ಕೈಹಿಡಿದು ನಿಲ್ಲಿಸಿದಳು.

"ತಾಳು ಕಣಪ್ಪ. ಆಯಮ್ಮಂಗೆ ಓದಕ್ಕೆ ಬರ್ತದೋ ಇಲ್ವೋ. ದೂರದಿಂದ ಬಂದಿದ್ದು ಅಂತ ಅವ್ಳೂ ಕಣ್ಣಿಗೊತ್ಕೊಂಡು ಎತ್ತರದಾಗೆ ಇಟ್ಬುಟ್ಟಾಳು. ಇದು ಬರೀ ಕಾಗ್ದ ಕಣವ್ವ, ಯಾರ ಕೈಲಾದ್ರೂ ಇವತ್ತೇ ಓದಿಸ್ಕೊ ಅಂತ ಮ್ಯಾಲೇ ಬರಿ. ದಪ್ಪಕ್ಷರದಾಗೆ ಬರಿ."

ಎಲ್ಲಕ್ಕೂ ಮೇಲೆ, ದಪ್ಪಕ್ಷರದಲ್ಲಿ ಬರೆದೆ.